ಕಿವಿ ಕೇಳಿದ್ದು ಮತ್ತು ಅದಕ್ಕೆ ಕೊಟ್ಟ ಕಾರಣ

ಕೇಳುಗರಿಗೆ ನಮಸ್ಕಾರ.

ಧ್ವನಿ ಉಪಕರಣಗಳ ಹವ್ಯಾಸವುಳ್ಳ ನಾಲ್ಕು ಮಂದಿ ಒಂದೆಡೆ ಸೇರಿದರೆ ಸ್ವಲ್ಪ ಹೊತ್ತಿನಲ್ಲಿಯೇ ಒಂದು ವಾದ ಹುಟ್ಟಿಕೊಳ್ಳುತ್ತದೆ. ಸ್ಪೀಕರಿನ ಕೇಬಲ್ ಬದಲಿಸಿದ ಮೇಲೆ ಹಾಡುವವರ ದನಿ ಹೆಚ್ಚು ನಿಚ್ಚಳವಾಯಿತು ಎಂದು ಒಬ್ಬರು ಹೇಳುತ್ತಾರೆ. ಹಾಗಾಗುವುದು ಸಾಧ್ಯವೇ ಇಲ್ಲ ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ನೀವು ಕೇಳಿ ನೋಡಿದ್ದೀರಾ ಎಂಬುದು ಮೊದಲನೆಯವರ ಪ್ರಶ್ನೆ. ಲೆಕ್ಕ ಹಾಕಿದರೆ ಸಾಕು, ಕೇಳುವ ಅಗತ್ಯವೇನಿದೆ ಎಂಬುದು ಎರಡನೆಯವರ ಉತ್ತರ. ಅಲ್ಲಿಂದ ಮುಂದೆ ಒಬ್ಬರು ಅನುಭವದ ಪಕ್ಷ, ಇನ್ನೊಬ್ಬರು ಸಿದ್ಧಾಂತದ ಪಕ್ಷ ಎಂದು ಎಲ್ಲರೂ ಹಂಚಿಹೋಗುತ್ತಾರೆ.

ಈ ಹಂಚಿಕೆಯನ್ನು ನಾನು ಒಪ್ಪುವುದಿಲ್ಲ. ಕೇಳಿದೆ ಎನ್ನುವವರ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿರುತ್ತವೆ. ಧ್ವನಿ ಬದಲಾದಂತೆ ಅವರಿಗೆ ಕೇಳಿಸಿತು ಎಂಬುದು ಒಂದು. ಅದು ಬದಲಾದದ್ದು ಇಂಥ ಕಾರಣದಿಂದ ಎಂಬುದು ಇನ್ನೊಂದು. ಮೊದಲನೆಯದು ಅನುಭವ, ಎರಡನೆಯದು ಸಿದ್ಧಾಂತ, ಅದೂ ಬಹುತೇಕ ಯಾರೂ ಪರೀಕ್ಷಿಸದ ಸಿದ್ಧಾಂತ. ಕೇಳದೆಯೇ ಅಲ್ಲಗಳೆಯುವವರ ಮಾತೂ ಹೀಗೆಯೇ: ಲೆಕ್ಕ ಸರಿಯಿರಬಹುದು, ಆದರೆ ಆ ಲೆಕ್ಕವು ಎದುರಿಗಿರುವ ಉಪಕರಣಕ್ಕೆ, ಆ ಕೋಣೆಗೆ, ಆ ಹೊತ್ತಿಗೆ ಅನ್ವಯಿಸುತ್ತದೆ ಎಂಬ ನಂಬಿಕೆಯನ್ನು ಅವರೂ ಪರೀಕ್ಷಿಸಿರುವುದಿಲ್ಲ.

ಕೇಬಲ್ಲಿನ ಉದಾಹರಣೆಯನ್ನೇ ಬಿಡಿಸಿ ನೋಡೋಣ. ದುಬಾರಿ ಕೇಬಲ್ಲಿನ ಪರವಾಗಿ ಹೆಚ್ಚಾಗಿ ಹೇಳುವ ಕಾರಣವೆಂದರೆ ಸ್ಕಿನ್ ಎಫೆಕ್ಟ್: ಆವರ್ತನ ಏರಿದಂತೆ ವಿದ್ಯುತ್ ಪ್ರವಾಹವು ತಂತಿಯ ಹೊರಮೈಯತ್ತ ಸರಿಯುತ್ತದೆ, ಒಳಭಾಗ ಅಷ್ಟರಮಟ್ಟಿಗೆ ವ್ಯರ್ಥವಾಗುತ್ತದೆ ಎಂಬುದು. ಈ ವಿದ್ಯಮಾನ ನಿಜವಾದದ್ದೇ. 20,000 ಹರ್ಟ್ಜ್‌ನಲ್ಲಿ ತಾಮ್ರದೊಳಗೆ ಪ್ರವಾಹವು ಮುಖ್ಯವಾಗಿ ಹರಿಯುವ ಆಳ ಸುಮಾರು ಅರ್ಧ ಮಿಲಿಮೀಟರ್. ಆದರೆ 2.5 ಚದರ ಮಿಲಿಮೀಟರ್ ದಪ್ಪದ, 3 ಮೀಟರ್ ಉದ್ದದ ಸಾಮಾನ್ಯ ಜೋಡಿ ತಂತಿಯ ರೋಧ, ಹೋಗುವ ಮತ್ತು ಮರಳುವ ಎರಡೂ ದಾರಿ ಸೇರಿ, ಸುಮಾರು 0.04 ಓಮ್ ಮಾತ್ರ. 8 ಓಮ್ ಸ್ಪೀಕರಿಗೆ ಇದರಿಂದ ಆಗುವ ನಷ್ಟ, ಧ್ವನಿಯ ಮಟ್ಟವನ್ನು ಅಳೆಯುವ ಮಾನವಾದ ಡೆಸಿಬೆಲ್ ಲೆಕ್ಕದಲ್ಲಿ, ಒಂದು ಡೆಸಿಬೆಲ್‌ನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಸ್ಕಿನ್ ಎಫೆಕ್ಟ್‌ನಿಂದ ಆ ರೋಧ ಒಂದೂವರೆ ಪಟ್ಟಾಯಿತೆಂದು ಉದಾರವಾಗಿ ಒಪ್ಪಿಕೊಂಡರೂ ನಷ್ಟವು ಹತ್ತರಲ್ಲಿ ಒಂದು ಪಾಲನ್ನು ಮುಟ್ಟುವುದಿಲ್ಲ. ಅಂದರೆ ಈ ಕಾರಣ ಇಲ್ಲಿ ಸಲ್ಲದು.

ಹಾಗಾದರೆ ಅವರಿಗೆ ಕೇಳಿಸಿದ್ದು ಸುಳ್ಳೇ? ಹಾಗೆಂದು ತೀರ್ಪು ಕೊಡುವುದು ಅವಸರವಾದೀತು. ಹಳೆಯ ಕೇಬಲ್ಲಿನ ತುದಿಗಳು ಕಿಲುಬು ಹಿಡಿದಿದ್ದಿರಬಹುದು, ಟರ್ಮಿನಲ್ಲಿನ ತಿರುಪು ಸಡಿಲವಾಗಿದ್ದಿರಬಹುದು. ಹೊಸ ಕೇಬಲ್ ಹಾಕುವಾಗ ತುದಿಗಳು ಉಜ್ಜಿ ಶುಭ್ರವಾದವು, ತಿರುಪು ಬಿಗಿಯಾಯಿತು, ಧ್ವನಿ ನಿಜವಾಗಿಯೂ ಸುಧಾರಿಸಿತು. ಇದನ್ನು ತಿಳಿಯಲು ಹಳೆಯ ಕೇಬಲ್ಲಿನ ತುದಿಗಳನ್ನು ಶುಚಿಮಾಡಿ, ಅದನ್ನೇ ಮತ್ತೆ ಬಿಗಿಯಾಗಿ ಜೋಡಿಸಿ ಕೇಳಬೇಕು. ಅರ್ಧ ಗಂಟೆಯ ಕೆಲಸ. ಇದನ್ನು ಮಾಡಿದವರಿಗೆ ಮಾತ್ರ ತಮಗೆ ಕೇಳಿಸಿದ್ದು ತಾಮ್ರದ ಗುಣವೋ, ತಿರುಪಿನ ಗುಣವೋ ಎಂದು ಹೇಳುವ ಅಧಿಕಾರ ಬರುತ್ತದೆ. ಮಾಡದವರು ಎಷ್ಟೇ ಗಮನವಿಟ್ಟು ಕೇಳಿದ್ದರೂ, ಕಾರಣದ ಮಟ್ಟಿಗೆ ಅವರೂ ಊಹೆಯನ್ನೇ ಮುಂದಿಡುತ್ತಿದ್ದಾರೆ.

ಕಿವಿಯನ್ನೇ ನಂಬುತ್ತೇವೆ ಎನ್ನುವವರಲ್ಲಿ ಪರೀಕ್ಷಿಸದ ಸಿದ್ಧಾಂತ ಎಷ್ಟು ಬೇರುಬಿಟ್ಟಿದೆ ಎಂಬುದಕ್ಕೆ ಡಿಜಿಟಲ್ ಧ್ವನಿಯ ಬಗೆಗಿನ ಮಾತು ಇನ್ನೊಂದು ಸಾಕ್ಷಿ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಿನಿಂದ, ಅದರಲ್ಲಿ ಸೆಕೆಂಡಿಗೆ 44,100 ಸಲ ಮಾದರಿ ತೆಗೆಯುವುದರಿಂದ, ಅಂದರೆ ಅಲೆಯ ಎತ್ತರವನ್ನು ಅಳೆದು ಅಂಕಿಯಾಗಿ ಬರೆದಿಡುವುದರಿಂದ, ಧ್ವನಿಯ ಅಲೆ ಮೆಟ್ಟಿಲು ಮೆಟ್ಟಿಲಾಗಿ ಹೊರಬರುತ್ತದೆ, ಆ ಮೆಟ್ಟಿಲುಗಳೇ ಕಿವಿಗೆ ಒರಟಾಗಿ ಕೇಳಿಸುತ್ತವೆ ಎಂಬ ವಿವರಣೆ ಕೈಯಿಂದ ಕೈಗೆ ದಾಟುತ್ತಾ ಬಂದಿದೆ. 15,000 ಹರ್ಟ್ಜ್‌ನ ಒಂದು ನಾದವನ್ನು ಸಿಡಿಯಿಂದ ನುಡಿಸಿ ಪ್ಲೇಯರಿನ ಔಟ್‌ಪುಟ್ಟಿಗೆ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಸಾಧನ, ಜೋಡಿಸಿದರೆ, ಒಂದು ಅಲೆಗೆ ಮೂರು ಮಾದರಿಗಳೂ ಇಲ್ಲದಿದ್ದರೂ, ಪರದೆಯ ಮೇಲೆ ನಯವಾದ ಅಲೆಯೇ ಕಾಣುತ್ತದೆ. ಸಾಮಾನ್ಯ ಪ್ಲೇಯರುಗಳಲ್ಲಿರುವ ಫಿಲ್ಟರ್ ಮಾದರಿಗಳ ನಡುವಿನ ಅಲೆಯನ್ನು ಮರಳಿ ಕಟ್ಟಿಕೊಡುತ್ತದೆ. ಆರಂಭದ ಕೆಲವು ಡಿಸ್ಕುಗಳು ಕಿವಿಗೆ ಒರಟಾಗಿ ಕೇಳಿಸಿದ್ದಿದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕಿತ್ತು. ಮೆಟ್ಟಿಲಿನ ಕಥೆ ಆ ಹುಡುಕಾಟವನ್ನೇ ನಿಲ್ಲಿಸಿಬಿಟ್ಟಿತು.

ಇನ್ನೊಂದು ಪಕ್ಷದ ತಪ್ಪು ಇದಕ್ಕಿಂತ ಗಂಭೀರವಾದದ್ದು ಎಂದು ನನಗೆ ತೋರುತ್ತದೆ, ಏಕೆಂದರೆ ಅದು ವಿಜ್ಞಾನದ ಹೆಸರಿನಲ್ಲಿ ನಡೆಯುತ್ತದೆ. 1960ರ ದಶಕದಲ್ಲಿ ವಾಲ್ವ್, ಅಂದರೆ ನಿರ್ವಾತ ಕೊಳವೆಯ, ಆಂಪ್ಲಿಫೈಯರುಗಳ ಜಾಗಕ್ಕೆ ಟ್ರಾನ್ಸಿಸ್ಟರಿನವು ಬಂದಾಗ, ಅವುಗಳಲ್ಲಿ ಹಲವನ್ನು ಕೇಳಿದವರು ಧ್ವನಿ ಕರ್ಕಶವಾಗಿದೆ, ಹೆಚ್ಚು ಹೊತ್ತು ಕೇಳಿದರೆ ದಣಿವಾಗುತ್ತದೆ ಎಂದು ದೂರಿದರು. ಮಾಪನದ ಪಟ್ಟಿಯಲ್ಲಿ ಮಾತ್ರ ಡಿಸ್ಟಾರ್ಷನ್, ಅಂದರೆ ಅಲೆಯ ಆಕಾರ ಕೆಡುವ ಪ್ರಮಾಣ, ಅತ್ಯಲ್ಪವಾಗಿತ್ತು. ಆ ಅಂಕಿ ಸುಳ್ಳಲ್ಲ. ಆದರೆ ಅದನ್ನು ಅಳೆಯುತ್ತಿದ್ದದ್ದು ಸಾಮಾನ್ಯವಾಗಿ ಆಂಪ್ಲಿಫೈಯರಿನ ಪೂರ್ಣ ಶಕ್ತಿಯಲ್ಲಿ. ಇಂಥ ಆಂಪ್ಲಿಫೈಯರುಗಳಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ನಿಭಾಯಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಹಸ್ತಾಂತರವಾಗುವ ಸೊನ್ನೆಯ ಬಳಿ ಅಲೆಯಲ್ಲಿ ಒಂದು ಸಣ್ಣ ಕೊಂಕು ಉಳಿಯುತ್ತದೆ. ಇದನ್ನು ಕ್ರಾಸ್‌ಓವರ್ ಡಿಸ್ಟಾರ್ಷನ್ ಎನ್ನುತ್ತಾರೆ. ದೊಡ್ಡ ಅಲೆಯಲ್ಲಿ ಆ ಕೊಂಕು ಲೆಕ್ಕಕ್ಕಿಲ್ಲ. ಮನೆಯಲ್ಲಿ ನಾವು ಕೇಳುವುದು ಬಹುಪಾಲು ಒಂದು ವ್ಯಾಟಿನ ಆಸುಪಾಸಿನಲ್ಲಿ. ಆ ಸಣ್ಣ ಅಲೆಯಲ್ಲಿ ಅದೇ ಕೊಂಕು ದೊಡ್ಡ ಪಾಲನ್ನು ಆಕ್ರಮಿಸುತ್ತದೆ. ಜೊತೆಗೆ ಅದು ಹುಟ್ಟಿಸುವುದು, ಮೂಲ ನಾದದ ಹಲವು ಪಟ್ಟು ಆವರ್ತನವುಳ್ಳ, ಮೇಲಿನ ಶ್ರೇಣಿಯ ಹಾರ್ಮೋನಿಕ್‌ಗಳನ್ನು, ಮತ್ತು ಅವು ಪ್ರಮಾಣದಲ್ಲಿ ಕಡಿಮೆಯಿದ್ದರೂ ಕಿವಿಗೆ ಹೆಚ್ಚು ಚುಚ್ಚುತ್ತವೆ. ಎಲ್ಲ ಹಾರ್ಮೋನಿಕ್‌ಗಳನ್ನು ಒಂದೇ ತೂಕದಲ್ಲಿ ಕೂಡಿಸಬಾರದು, ಮೇಲಿನವುಗಳಿಗೆ ಹೆಚ್ಚು ತೂಕ ಕೊಡಬೇಕು ಎಂದು ಬಿಬಿಸಿಯ ಎಂಜಿನಿಯರ್ ಡಿ. ಇ. ಎಲ್. ಶಾರ್ಟರ್ ಅವರು 1950ರಲ್ಲಿಯೇ ಬರೆದಿದ್ದರು. ಕೇಳುಗರು ಸರಿಯಾಗಿದ್ದರು, ಅಂಕಿಯೂ ಸರಿಯಾಗಿತ್ತು, ಆ ಅಂಕಿ ಎಲ್ಲ ಮಟ್ಟಗಳಿಗೂ ಸಲ್ಲುತ್ತದೆ ಎಂಬ ಪರೀಕ್ಷಿಸದ ನಂಬಿಕೆ ಮಾತ್ರ ತಪ್ಪಾಗಿತ್ತು.

ಆಂಪ್ಲಿಫೈಯರನ್ನು ಸ್ವತಃ ಬೆಸೆದು ಕಟ್ಟಿದವರಿಗೆ ಈ ವಿಷಯ ಓದಿ ತಿಳಿಯುವುದಕ್ಕಿಂತ ಬೇರೆ ರೀತಿಯಲ್ಲಿ ಗೊತ್ತಿರುತ್ತದೆ. ಬಯಾಸ್, ಅಂದರೆ ನಾದವಿಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಪ್ರವಾಹ, ಅದನ್ನು ಹೊಂದಿಸುವ ತಿರುಪಾದ ಪ್ರಿಸೆಟ್ಟನ್ನು ಪೂರ್ತಿ ಕೆಳಗಿಳಿಸಿ, ಕಡಿಮೆ ಮಟ್ಟದಲ್ಲಿ ಒಂದು ಶುದ್ಧ ನಾದವನ್ನು ಹಾಯಿಸಿದರೆ ಆ ಕೊಂಕು ಪರದೆಯ ಮೇಲೆ ಕಾಣುತ್ತದೆ, ಅದರ ಒರಟುತನ ಕಿವಿಗೂ ತಾಗುತ್ತದೆ. ಹೀಟ್‌ಸಿಂಕ್ ಬಿಸಿಯಾಗುವವರೆಗೆ ಕಾದು, ಆ ಪ್ರವಾಹ ಹಾಯುವ ಎಮಿಟರ್ ರೆಸಿಸ್ಟರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ಮಿಲಿವೋಲ್ಟ್ ಲೆಕ್ಕದಲ್ಲಿ ಪ್ರಿಸೆಟ್ಟನ್ನು ತಿರುಗಿಸುತ್ತಾ ಹೋದಂತೆ ಕೊಂಕು ಕರಗುತ್ತದೆ. ಕಿವಿ ಮತ್ತು ಕಣ್ಣು ಎರಡೂ ಒಂದೇ ಸಂಗತಿಗೆ ಸಾಕ್ಷಿಯಾಗುತ್ತವೆ. ಇದನ್ನು ಒಮ್ಮೆ ಮಾಡಿದ ಹವ್ಯಾಸಿ ಮುಂದೆ ಇನ್ನೊಂದು ಆಂಪ್ಲಿಫೈಯರಿನ ಬಗ್ಗೆ ಕರ್ಕಶ ಎಂಬ ದೂರು ಕೇಳಿದಾಗ ನಗುವುದಿಲ್ಲ, ಕೂಡಲೇ ಒಪ್ಪುವುದೂ ಇಲ್ಲ. ಬಯಾಸ್ ಎಷ್ಟಿದೆ ಎಂದು ವಿಚಾರಿಸುತ್ತಾರೆ.

ಇಲ್ಲಿ ಕೇಳುವಿಕೆಯ ಶಿಸ್ತಿನ ಬಗ್ಗೆ ನಿಲ್ಲಬೇಕಾದ ಅಗತ್ಯವಿದೆ. ಬರಿದೆ ಕೇಳುವುದು ಪರೀಕ್ಷೆಯಾಗುವುದಿಲ್ಲ. ಎರಡು ಉಪಕರಣಗಳಲ್ಲಿ ಒಂದರ ಮಟ್ಟ ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರಾಗಿದೆ ಎಂದು ನಮಗೆ ಅನಿಸುವುದಿಲ್ಲ, ಚೆನ್ನಾಗಿದೆ ಎಂದು ಅನಿಸುತ್ತದೆ. ಆದ್ದರಿಂದ ಹೋಲಿಸುವ ಮೊದಲು ಸ್ಪೀಕರಿನ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ಅಳೆದು ಎರಡರ ಮಟ್ಟವನ್ನೂ 0.1 ಡೆಸಿಬೆಲ್‌ನೊಳಗೆ ಸರಿದೂಗಿಸಬೇಕು. ಯಾವುದು ನುಡಿಯುತ್ತಿದೆ ಎಂಬುದು ಕೇಳುವವರಿಗೆ ತಿಳಿಯಬಾರದು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಅವರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಸ್ಪೀಕರುಗಳಿಗೆ ಕೇಳುಗರು ಕಣ್ಣಿಂದ ನೋಡಿ ಕೊಟ್ಟ ಅಂಕಗಳೂ ಪರದೆಯ ಹಿಂದಿನಿಂದ ಕೇಳಿ ಕೊಟ್ಟ ಅಂಕಗಳೂ ಬೇರೆಯಾಗಿದ್ದವು. ಕೇಳುವುದರಲ್ಲಿ ಪಳಗಿದವರೂ ಇದಕ್ಕೆ ಹೊರತಾಗಿರಲಿಲ್ಲ. ಮರೆಯಲ್ಲಿಟ್ಟು ಕೇಳಿಸುವುದು ಕೇಳುಗರ ಪ್ರಾಮಾಣಿಕತೆಯ ಮೇಲಿನ ಸಂದೇಹವೆಂದು ಕೆಲವರು ನೊಂದುಕೊಳ್ಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಏರ್ಪಾಡು ಕಾಪಾಡುವುದು ಕಿವಿಯ ಸಾಕ್ಷ್ಯವನ್ನೇ; ಬೆಲೆ, ಹೆಸರು, ಹೊಳೆಯುವ ಮುಖಫಲಕ ಇವೆಲ್ಲ ದೂರವಾದ ಮೇಲೆ ಉಳಿಯುವುದು ಕಿವಿಯೊಂದೇ.

ಹದಿನಾರು ಸಲ ಕೇಳಿ, ಎರಡರಲ್ಲಿ ಯಾವುದು ನುಡಿಯಿತೆಂದು ಹನ್ನೆರಡು ಸಲ ಅಥವಾ ಅದಕ್ಕಿಂತ ಹೆಚ್ಚು ಬಾರಿ ಸರಿಯಾಗಿ ಗುರುತಿಸಿದರೆ, ಅದು ಬರಿಯ ಅದೃಷ್ಟದಿಂದ ಆಗುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ. ಹತ್ತೇ ಸಲ ಗುರುತಿಸಿದರೆ ವ್ಯತ್ಯಾಸವೇ ಇಲ್ಲವೆಂದು ಸಾಬೀತಾಗುವುದಿಲ್ಲ; ಆ ಕೇಳುಗರು, ಆ ಧ್ವನಿಮುದ್ರಿಕೆ, ಆ ದಿನ, ಅಷ್ಟರಿಂದ ಅದು ಸಿದ್ಧಪಡಲಿಲ್ಲ ಎಂದಷ್ಟೇ ಅರ್ಥ. ಸಿದ್ಧಾಂತದ ಪಕ್ಷದವರು ಈ ಮಿತಿಯನ್ನು ಮರೆಯುವುದು ಹೆಚ್ಚು.

ಹಾಗೆಂದು ಸಿದ್ಧಾಂತವು ಕೈಕೆಲಸದ ವೈರಿಯೆಂದು ತಿಳಿಯುವುದು ಈ ವಿದ್ಯೆಯ ಚರಿತ್ರೆಗೇ ಅನ್ಯಾಯ. ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಉಪಾಯ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ಹೊಳೆದದ್ದು 1927ರ ಆಗಸ್ಟ್‌ನಲ್ಲಿ. ಅದೇ ವರ್ಷದ ಕೊನೆಗೆ ಅವರು ಅದನ್ನು ಕಟ್ಟಿ, ಡಿಸ್ಟಾರ್ಷನ್ ಅಪಾರವಾಗಿ ತಗ್ಗುವುದನ್ನು ಅಳೆದು ತೋರಿಸಿದ್ದರು. ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ತಂದು ಸೇರಿಸಿದರೂ ಆಂಪ್ಲಿಫೈಯರ್ ಸ್ಥಿರವಾಗಿರುತ್ತದೆ ಎಂಬುದನ್ನು ಪೇಟೆಂಟ್ ಕಚೇರಿಯ ಪರಿಶೀಲಕರು ನಂಬಲು ಸಿದ್ಧರಿರಲಿಲ್ಲ. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅಂಥ ಆಂಪ್ಲಿಫೈಯರ್ ಯಾವಾಗ ಸ್ಥಿರವಾಗಿರುತ್ತದೆ, ಯಾವಾಗ ತಾನಾಗಿ ಊಳಿಡುತ್ತದೆ ಎಂಬ ಗಣಿತವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಕೊಟ್ಟರು. ಮೇಜಿನ ಮೇಲೆ ಯಂತ್ರ ಕೆಲಸ ಮಾಡತೊಡಗಿದ ಮೇಲೆ ಅದರ ನಿಯಮ ತಿಳಿಯಿತು. ನಿಯಮ ತಿಳಿದ ಮೇಲೆ ಮುಂದಿನವರು ಕಟ್ಟುವಾಗ ಕತ್ತಲಲ್ಲಿ ತಡಕಾಡಬೇಕಾಗಲಿಲ್ಲ.

ಸ್ಪೀಕರ್ ಪೆಟ್ಟಿಗೆಯ ಕಥೆ ಇದರ ಇನ್ನೊಂದು ಮುಖ. ಗಾಳಿಯಾಡುವ ಕೊಳವೆಯುಳ್ಳ ಪೆಟ್ಟಿಗೆಯನ್ನು ದಶಕಗಳ ಕಾಲ ಅಂದಾಜಿನಿಂದಲೇ ಕಟ್ಟುತ್ತಿದ್ದರು. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ ಅದನ್ನು ಫಿಲ್ಟರ್ ಗಣಿತಕ್ಕೆ ಒಗ್ಗಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇಂದು ಡ್ರೈವರಿನ, ಅಂದರೆ ಪೆಟ್ಟಿಗೆಯಲ್ಲಿ ಕೂರಿಸುವ ಧ್ವನಿ ಹೊರಡಿಸುವ ಘಟಕದ, ಕೆಲವು ಅಂಕಿಗಳನ್ನು ತುಂಬಿಸಿದರೆ ಕಂಪ್ಯೂಟರ್ ಪೆಟ್ಟಿಗೆಯ ಗಾತ್ರವನ್ನೂ ಕೊಳವೆಯ ಉದ್ದವನ್ನೂ ಹೇಳುತ್ತದೆ. ಆದರೆ ಕಟ್ಟಿದ ಪೆಟ್ಟಿಗೆಯ ಅಂಚಿನಲ್ಲಿ ಗಾಳಿ ಸೋರುತ್ತಿದ್ದರೆ, ಡ್ರೈವರಿನ ನಿಜವಾದ ಗುಣ ಕರಪತ್ರದಲ್ಲಿ ಅಚ್ಚಾದದ್ದಕ್ಕಿಂತ ಬೇರೆಯಿದ್ದರೆ, ಆ ಉತ್ತರ ಕಾಗದದಲ್ಲೇ ಉಳಿಯುತ್ತದೆ. ಕಟ್ಟಿದ ಮೇಲೆ ಇಂಪೀಡೆನ್ಸ್ ರೇಖೆಯನ್ನು, ಅಂದರೆ ಬೇರೆ ಬೇರೆ ಆವರ್ತನಗಳಲ್ಲಿ ಸ್ಪೀಕರ್ ಪ್ರವಾಹಕ್ಕೆ ಒಡ್ಡುವ ತಡೆಯ ನಕ್ಷೆಯನ್ನು, ತೆಗೆಯಬೇಕು. ಅದರಲ್ಲಿ ಎರಡು ಉಬ್ಬುಗಳು, ಅವುಗಳ ನಡುವೆ ಒಂದು ತಗ್ಗು ಇರುತ್ತವೆ. ಆ ತಗ್ಗು ಇರುವ ಆವರ್ತನವೇ ಪೆಟ್ಟಿಗೆಯ ಟ್ಯೂನಿಂಗ್. ಲೆಕ್ಕದಲ್ಲಿ 40 ಹರ್ಟ್ಜ್ ಎಂದಿದ್ದು ರೇಖೆಯಲ್ಲಿ 46 ಎಂದು ಕಂಡರೆ ಕೊಳವೆಯನ್ನು ಉದ್ದ ಮಾಡಬೇಕು. ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡುವುದೆಂದರೆ ಇಷ್ಟೇ, ಮತ್ತು ಇದಕ್ಕೆ ಬೇಕಾದ ಸಾಧನ ಒಂದು ರೆಸಿಸ್ಟರ್, ಒಂದು ಕಂಪ್ಯೂಟರ್.

ಕೋಣೆಯ ವಿಷಯದಲ್ಲಂತೂ ಸಾಧನವೇ ಬೇಡ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 5 ಮೀಟರ್ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಮೊದಲ ನಿಂತ ಅಲೆ, ಅಂದರೆ ಮರುಧ್ವನಿಸಿ ಒಂದೇ ಜಾಗದಲ್ಲಿ ಏರಿಳಿಯುವ ಅಲೆ, ಏಳುವುದು ಸುಮಾರು 34 ಹರ್ಟ್ಜ್‌ನಲ್ಲಿ. ಆ ನಾದವನ್ನು ನುಡಿಸಿ ಗೋಡೆಯಿಂದ ಗೋಡೆಗೆ ನಡೆದರೆ, ಗೋಡೆಯ ಬಳಿ ಅದು ತುಂಬಿಕೊಂಡು, ಕೋಣೆಯ ನಡುವೆ ಬಹಳಷ್ಟು ಕ್ಷೀಣಿಸುವುದು ಕೇಳಿಸುತ್ತದೆ. ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ಬದಲಾದದ್ದು ನಿಂತ ಜಾಗ. ಎರಡು ಆಂಪ್ಲಿಫೈಯರುಗಳ ಬಾಸ್ ಬಗ್ಗೆ ವಾದಿಸುವವರು ಮೊದಲು ಇದೊಂದನ್ನು ಮಾಡಲಿ ಎಂದು ನಾನು ಮನಸಾರೆ ಬಯಸುತ್ತೇನೆ, ಏಕೆಂದರೆ ಒಂದನ್ನು ಕೇಳುವಾಗ ಬೆನ್ನೊರಗಿ, ಇನ್ನೊಂದನ್ನು ಕೇಳುವಾಗ ಮುಂದಕ್ಕೆ ಬಾಗಿ ಕುಳಿತಿದ್ದರೂ ಕಿವಿಗೆ ತಲುಪುವ ಧ್ವನಿ, ಮುಖ್ಯವಾಗಿ ಮೇಲಿನ ಆವರ್ತನಗಳಲ್ಲಿ, ಬೇರೆಯಾಗಿರುತ್ತದೆ.

ಕೊನೆಯದಾಗಿ, ಇಂದಿಗೂ ಬಿಸಿಯಾಗಿರುವ ಒಂದು ವಾದ: ಹೊಸ ಸ್ಪೀಕರ್ ಕೆಲವು ಕಾಲ ನುಡಿದ ಮೇಲೆ ಪಳಗುತ್ತದೆಯೇ, ಅಥವಾ ನಮ್ಮ ಕಿವಿ ಅದಕ್ಕೆ ಪಳಗುತ್ತದೆಯೇ? ಡ್ರೈವರಿನ ಅಂಚು ಮತ್ತು ಅದರ ಶಂಕುವನ್ನು ಹಿಂದಿನಿಂದ ಹಿಡಿದಿಡುವ ಸ್ಪೈಡರ್ ನುಡಿದಂತೆ ಸ್ವಲ್ಪ ಮೆತ್ತಗಾಗುತ್ತವೆ, ಅದರ ಅನುರಣನ ಆವರ್ತನ ಸ್ವಲ್ಪ ಇಳಿಯುತ್ತದೆ, ಇದು ಅಳೆಯಬಹುದಾದ ಸಂಗತಿ. ಕೇಳಿಸುವಷ್ಟು ಬದಲಾವಣೆಯೇ ಎಂಬುದಕ್ಕೆ ಉತ್ತರ ಹೊಸ ಜೋಡಿ ತಂದವರ ಕೈಯಲ್ಲೇ ಇದೆ. ಮೊದಲ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಮಟ್ಟದಲ್ಲಿ, ಕಾಣದಂತೆ ಹೋಲಿಸಿ ಬರೆದಿಟ್ಟುಕೊಳ್ಳಿ. ಬಳಿಕ ಒಂದನ್ನು ನುಡಿಸುತ್ತಾ ಇರಿ, ಇನ್ನೊಂದನ್ನು ಪೆಟ್ಟಿಗೆಯಲ್ಲೇ ಮುಚ್ಚಿಡಿ. ಕೆಲವು ವಾರಗಳ ನಂತರ ಎರಡನ್ನೂ ಅದೇ ಜಾಗದಲ್ಲಿಟ್ಟು, ಯಾವುದು ಯಾವುದೆಂದು ತಿಳಿಯದ ಹಾಗೆ ಬೇರೊಬ್ಬರಿಂದ ಬದಲಾವಣೆ ಮಾಡಿಸುತ್ತಾ ಮತ್ತೆ ಕೇಳಿ. ಹದಿನಾರರಲ್ಲಿ ಎಷ್ಟು ಬಂತೋ ಅದನ್ನು, ಕಡಿಮೆ ಬಂದಿದ್ದರೂ, ಇದ್ದ ಹಾಗೆಯೇ ಗೆಳೆಯರಿಗೆ ತಿಳಿಸಿ. ನಮಸ್ಕಾರ.