ಚೈನಿನಿಂದ ಲಿಂಕ್ ತೆಗೆಯುವ ಟೂಲ್: ಯಾವುದನ್ನು ಕೊಳ್ಳೋದು?

ಕೇಳುಗರೆಲ್ಲರಿಗೂ ನಮಸ್ಕಾರ.

ಡರ್ಟ್ ಬೈಕ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಕೆಲಸ ಎದುರಾಗುತ್ತದೆ. ಹೊಸ ಚೈನ್ ತಂದಿರುತ್ತೀರಿ, ಅದು ಬೇಕಾದದ್ದಕ್ಕಿಂತ ಉದ್ದ ಇರುತ್ತದೆ. ಇಲ್ಲವೇ ಹಿಂದಿನ ಚಕ್ರದ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಗಾಲಿ, ಬದಲಾಯಿಸಿ ಸಣ್ಣದು ಹಾಕಿದ್ದೀರಿ, ಚೈನ್ ಜೋತು ಬಿದ್ದಿದೆ. ಎರಡು ಲಿಂಕ್ ತೆಗೆಯಬೇಕು. ಯಾವುದರಿಂದ ತೆಗೆಯೋದು? ಅಂಗಡಿಗೆ ಹೋದರೆ ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟ್ಟ ಟೂಲಿನಿಂದ ಹಿಡಿದು ಪೆಟ್ಟಿಗೆ ತುಂಬ ಬಿಡಿಭಾಗ ಇರುವ ದೊಡ್ಡ ಸೆಟ್‌ವರೆಗೂ ಸಿಗುತ್ತದೆ. ಎಲ್ಲದಕ್ಕೂ ಹೆಸರು ಒಂದೇ, ಚೈನ್ ಬ್ರೇಕರ್.

ಟೂಲಿನ ಮಾತಿಗೆ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಹಳೆ ಚೈನ್ ಸವೆದು ಉದ್ದ ಆಗಿದೆ, ಎರಡು ಲಿಂಕ್ ತೆಗೆದರೆ ಸರಿಹೋಗುತ್ತದೆ ಅಂತ ಟೂಲ್ ಹುಡುಕುತ್ತಿದ್ದರೆ, ದಯವಿಟ್ಟು ಬೇಡ. ಚೈನ್ ಉದ್ದ ಆಗೋದು ಅಂದರೆ ಲಿಂಕಿನ ಎರಡು ಬದಿಯ ಉಕ್ಕಿನ ತಟ್ಟೆಗಳು ರಬ್ಬರಿನ ಹಾಗೆ ಹಿಗ್ಗೋದಲ್ಲ. ಪ್ರತಿ ಪಿನ್ನೂ, ಅದರ ಸುತ್ತ ಕೊಳವೆಯ ಹಾಗಿರುವ ಬುಷ್ಷೂ ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ಆ ಸವೆತ ನೂರಕ್ಕೂ ಹೆಚ್ಚು ಕೀಲುಗಳಲ್ಲಿ ಹಂಚಿಹೋಗಿರುತ್ತದೆ. ಎರಡು ಲಿಂಕ್ ಕಿತ್ತರೆ ಉಳಿದವುಗಳ ಸವೆತ ಎಲ್ಲಿಗೆ ಹೋಗುತ್ತದೆ? ಅಲ್ಲೇ ಇರುತ್ತದೆ, ಸ್ಪ್ರಾಕೆಟ್ ಹಲ್ಲನ್ನು ತಿನ್ನುತ್ತಾ ಇರುತ್ತದೆ. ಅಳತೆ ಮಾಡಿ ನೋಡಿ. ಚೈನಿನ ಮೇಲೆ 520 ಅಂತ ಅಳತೆಯ ನಂಬರ್ ಇದ್ದರೆ, ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 15.875 ಮಿಲಿಮೀಟರ್. ಹಾಗಾಗಿ ಇಪ್ಪತ್ತು ಲಿಂಕ್ ಸೇರಿ ಹೊಸದರಲ್ಲಿ 317.5 ಮಿಲಿಮೀಟರ್ ಇರಬೇಕು. ಚೈನನ್ನು ಬಿಗಿಯಾಗಿ ಎಳೆದು ಅಳೆದಾಗ ಅದು 323ರ ಹತ್ತಿರ ಬಂದಿದ್ದರೆ ಆ ಚೈನಿನ ಕಾಲ ಮುಗಿದಿದೆ. ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಮಿತಿಯನ್ನೂ ಒಮ್ಮೆ ನೋಡಿಕೊಳ್ಳಿ.

ಈಗ ಚೈನಿನ ಮೇಲಿರುವ ನಂಬರ್. ಟೂಲ್ ಕೊಳ್ಳುವ ಮುಂಚೆ ತಟ್ಟೆಯ ಮಣ್ಣು ಒರೆಸಿ ಅದನ್ನು ಓದಿ. ದೊಡ್ಡ ಡರ್ಟ್ ಬೈಕುಗಳಲ್ಲಿ ಹೆಚ್ಚಾಗಿ 520 ಇರುತ್ತದೆ. ಸಣ್ಣ ಬೈಕುಗಳಲ್ಲಿ 420 ಅಥವಾ 428. ಮೊದಲ ಅಂಕೆ ಪಿನ್ನಿನಿಂದ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಒಂದು ಪಾಲಿನ ಲೆಕ್ಕದಲ್ಲಿ. 5 ಅಂದರೆ ಎಂಟರಲ್ಲಿ ಐದು ಪಾಲು, 4 ಅಂದರೆ ಅರ್ಧ ಇಂಚು. ಉಳಿದ ಎರಡು ಅಂಕೆ ಒಳಗಿನ ಅಗಲದ್ದು. 520ರಲ್ಲೂ 420ರಲ್ಲೂ ಆ ಅಗಲ ಕಾಲು ಇಂಚೇ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಟೂಲಿಗೆ ಮುಖ್ಯವಾದದ್ದು ಪಿನ್ನಿನ ದಪ್ಪ. 520 ಚೈನಿನ ಪಿನ್ ಸುಮಾರು 5 ಮಿಲಿಮೀಟರ್ ದಪ್ಪ. 420ರದ್ದು ಇನ್ನೂ ಸಣ್ಣ, 4ರ ಹತ್ತಿರ. ಟೂಲಿನ ತುದಿಯಲ್ಲಿರುವ ತಳ್ಳುವ ಪಿನ್, ಚೈನಿನ ಪಿನ್ನಿಗಿಂತ ತುಸು ಸಣ್ಣ ಇರಬೇಕು. ದಪ್ಪ ಇದ್ದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೀರಾ ಸಣ್ಣ ಇದ್ದರೆ ಬಲ ತಡೆಯದೆ ಮುರಿಯುತ್ತದೆ. ಮನೆಯಲ್ಲಿ ನಿಮ್ಮದೊಂದು 520, ಮಗುವಿನದೊಂದು 420 ಇದ್ದರೆ ಎರಡು ಅಳತೆಯ ಪಿನ್ ಕೊಡುವ ಟೂಲನ್ನೇ ನೋಡಿ. ಸೈಕಲ್ಲಿನ ಚೈನ್ ಟೂಲ್ ಇದೆಯಲ್ಲ, ಅದರಲ್ಲೇ ಮಾಡಿಬಿಡೋಣ ಅಂತ ಯೋಚನೆ ಬಂದರೆ ಬಿಟ್ಟುಬಿಡಿ. ಅದರ ಪಿನ್ ತೆಳು, ಮೈಯೂ ತೆಳು. 520 ಅದರ ಬಾಯೊಳಗೆ ಸರಿಯಾಗಿ ಕೂರೋದೂ ಇಲ್ಲ.

ಚೈನಿನ ಪಿನ್ ಅಲ್ಲಿ ಹೇಗೆ ನಿಂತಿದೆ ಅಂತ ಸ್ವಲ್ಪ ನೋಡೋಣ. ಬೈಕಿನ ಹತ್ತಿರ ಕುಳಿತು ಒಂದು ಲಿಂಕನ್ನು ಬೆಳಕಿಗೆ ಹಿಡಿದು ನೋಡಿ. ಹೊರ ತಟ್ಟೆಯ ತೂತಿನಲ್ಲಿ ಪಿನ್ ತುಂಬಾ ಬಿಗಿಯಾಗಿ ಕೂತಿರುತ್ತದೆ. ಅಷ್ಟೇ ಅಲ್ಲ, ಅದರ ತುದಿಯನ್ನು ಕಾರ್ಖಾನೆಯಲ್ಲೇ ಒತ್ತಿ ಅಗಲ ಮಾಡಿರುತ್ತಾರೆ. ತಲೆಯ ಮೇಲೆ ಚುಕ್ಕಿಯೋ ಗೆರೆಯೋ ಇರುತ್ತದೆ, ಒತ್ತಿದ ಗುರುತು. ಆ ಅಗಲ ತಲೆಯೇ ಎಲ್ಲ ತೊಂದರೆಯ ಮೂಲ. ನೀವು ಟೂಲಿನಿಂದ ತಳ್ಳುವಾಗ ಆ ಗಟ್ಟಿ ತಲೆ ತನಗಿಂತ ಸಣ್ಣ ತೂತಿನೊಳಗೆ ಹಿಂಡಿಕೊಂಡು ಹೋಗಬೇಕು. ಬಲ ಎಲ್ಲಾ ಖರ್ಚಾಗೋದು ಅಲ್ಲೇ. ಟೂಲಿನ ತುದಿ ಮುರಿಯೋದೂ ಅಲ್ಲೇ.

ಹಾಗಾಗಿ ಮೊದಲು ತಲೆ ತೆಗೆಯಿರಿ. ಗ್ರೈಂಡರ್ ಇದ್ದರೆ ಒಂದು ನಿಮಿಷದ ಕೆಲಸ. ಪಿನ್ನಿನ ತುದಿ ತಟ್ಟೆಯ ಮಟ್ಟಕ್ಕೆ ಬರುವವರೆಗೂ ಉಜ್ಜಬೇಕು. ತಟ್ಟೆಯ ಮೇಲೆ ಗೀರು ಬಿದ್ದರೂ ಚಿಂತೆ ಇಲ್ಲ, ಯಾಕೆಂದರೆ ಆ ತಟ್ಟೆ ಎಸೆಯುವ ತುಂಡಿಗೆ ಸೇರಿದ್ದು. ಗ್ರೈಂಡರ್ ಇಲ್ಲದಿದ್ದರೆ ಒಳ್ಳೆ ಅರದಿಂದಲೂ ಆಗುತ್ತದೆ, ಕೈ ನೋಯುತ್ತದೆ ಅಷ್ಟೇ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಿಡಿ ಹಾರುವ ದಿಕ್ಕಿನಲ್ಲಿ ಪೆಟ್ರೋಲ್ ಟ್ಯಾಂಕ್ ಆಗಲಿ, ಈಗ ತಾನೇ ಚೈನ್ ತೊಳೆದ ಎಣ್ಣೆ ಬಟ್ಟೆ ಆಗಲಿ ಇರಬಾರದು. ಚೈನನ್ನು ಬೈಕಿನಿಂದ ಬಿಚ್ಚಿ ದೂರ ಕೂತು ಮಾಡಿದರೆ ಇನ್ನೂ ಒಳ್ಳೇದು. ಚೈನಿನಲ್ಲಿ ಓ-ರಿಂಗ್ ಅಥವಾ ಎಕ್ಸ್-ರಿಂಗ್, ಅಂದರೆ ತಟ್ಟೆಗಳ ನಡುವೆ ರಬ್ಬರ್ ಉಂಗುರ, ಇದ್ದರೆ ಸ್ವಲ್ಪ ಉಜ್ಜಿ, ನಿಲ್ಲಿಸಿ, ಮತ್ತೆ ಉಜ್ಜಿ. ಒಂದೇ ಸಮನೆ ಉಜ್ಜಿದರೆ ಬಿಸಿ ಪಕ್ಕದ ಲಿಂಕಿಗೂ ಹರಿದು ಅಲ್ಲಿನ ರಬ್ಬರ್ ಸುಟ್ಟುಹೋಗಬಹುದು.

ತಲೆ ತೆಗೆದ ಪಿನ್ನಿಗೆ ಸಾಧಾರಣ ಟೂಲೂ ಸಾಕು. ತಲೆ ತೆಗೆಯದೆ ತಳ್ಳಿದರೆ ದುಬಾರಿ ಟೂಲಿನ ತುದಿಯೂ ಚೂರಾಗಬಹುದು. ನನಗೆ ಇದರಲ್ಲಿ ಎರಡು ಮಾತಿಲ್ಲ. ಟೂಲ್ ಸರಿಯಿಲ್ಲ ಅಂತ ದೂರುವ ಎಷ್ಟೋ ಜನ ಈ ಒಂದು ಹೆಜ್ಜೆಯನ್ನು ಬಿಟ್ಟಿರುತ್ತಾರೆ.

ಸರಿ, ಟೂಲ್ ಕೈಗೆ ತೆಗೆದುಕೊಂಡಾಗ ಏನು ನೋಡಬೇಕು? ಮೊದಲು, ತಳ್ಳುವ ಪಿನ್ ಬದಲಾಯಿಸಲು ಬರುತ್ತದಾ ಅಂತ ನೋಡಿ. ಅದು ಬೇರೆಯಾಗಿ ಬಿಚ್ಚಿ ಬರುವಂತಿರಬೇಕು, ಬಿಡಿ ಪಿನ್ ಸಿಗುವಂತಿರಬೇಕು. ಬೋಲ್ಟಿನ ಜೊತೆಗೇ ಸೇರಿಸಿ ಮಾಡಿದ ತುದಿ ಮುರಿದರೆ ಟೂಲ್ ಪೂರ್ತಿ ಗುಜರಿಗೆ. ಆಮೇಲೆ, ಚೈನನ್ನು ಟೂಲ್ ಹೇಗೆ ಹಿಡಿಯುತ್ತದೆ ಅನ್ನೋದು. ನನ್ನ ಮಟ್ಟಿಗೆ ಇದೇ ಒಳ್ಳೆ ಟೂಲಿಗೂ ಕೆಟ್ಟದಕ್ಕೂ ಇರುವ ವ್ಯತ್ಯಾಸ. ಕೆಲವು ಟೂಲುಗಳಲ್ಲಿ ಒಂದು ಟೊಳ್ಳು ಬೋಲ್ಟ್ ಇರುತ್ತದೆ. ಅದನ್ನು ತಿರುಗಿಸಿದರೆ ಅದು ಬಂದು ತಟ್ಟೆಗೆ ಒತ್ತಿಕೊಂಡು ಚೈನನ್ನು ಅಲುಗದಂತೆ ಹಿಡಿಯುತ್ತದೆ. ಅದರ ಒಳಗಿನಿಂದ ಇನ್ನೊಂದು ಬೋಲ್ಟ್ ಪಿನ್ನನ್ನು ತಳ್ಳುತ್ತದೆ. ತಳ್ಳುವ ತುದಿಗೆ ಸುತ್ತಲೂ ಆಸರೆ ಇರುತ್ತದೆ, ಓರೆಯಾಗಲು ಜಾಗವೇ ಇರೋದಿಲ್ಲ. ಬರೀ ಬಾಯಿ ತೆರೆದ ಟೂಲಿನಲ್ಲಿ ಹಾಗಲ್ಲ. ಚೈನ್ ಒಂದು ಕೂದಲಿನಷ್ಟು ವಾಲಿದರೂ ತುದಿ ಪಿನ್ನಿನ ನಡುವೆ ಕೂರದೆ ಅಂಚಿಗೆ ಜಾರುತ್ತದೆ. ಗಟ್ಟಿ ಉಕ್ಕು ನೇರ ಒತ್ತಡ ತಡೆಯುತ್ತದೆ, ಬಾಗೋದನ್ನು ತಡೆಯೋದಿಲ್ಲ, ಪಟ್ ಅಂತ ಮುರಿಯುತ್ತದೆ. ಇಂಥ ಟೂಲಿನಲ್ಲಿ ಮೊದಲ ಎರಡು ಸುತ್ತು ಬರೀ ಕೈಯಲ್ಲಿ ತಿರುಗಿಸಿ, ಬಗ್ಗಿ ಎರಡು ಕಡೆಯಿಂದಲೂ ನೋಡಿ, ಆಮೇಲೆ ಸ್ಪಾನರ್ ಹಾಕಬೇಕು.

ಬೋಲ್ಟಿನ ತಲೆ ಸ್ಪಾನರಿಗೆ ಹೊಂದುವಂತಿದೆಯಾ ಅಂತಲೂ ನೋಡಿ. ಅಡ್ಡ ಕಡ್ಡಿ ತೂರಿಸಿ ತಿರುಗಿಸುವ ಟೂಲ್ ಸಣ್ಣ ಚೈನಿಗೆ ಪರವಾಗಿಲ್ಲ. 520ಕ್ಕೆ ಅದು ಸಾಲದು. ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ. ಒಣ ಥ್ರೆಡ್ಡಿನಲ್ಲಿ ನಿಮ್ಮ ಬಲದ ದೊಡ್ಡ ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಥ್ರೆಡ್ ಕೂಡ ಬೇಗ ಹಾಳಾಗುತ್ತದೆ.

ಎಲ್ಲ ಸರಿಯಾಗಿ ಕೂತಿದ್ದರೆ ಕೆಲಸ ನಡೆಯುವುದು ಕಿವಿಗೇ ಗೊತ್ತಾಗುತ್ತದೆ. ಬೋಲ್ಟ್ ಬಿಗಿಯಾಗುತ್ತಾ ಹೋಗುತ್ತದೆ, ಇನ್ನು ಆಗೋದಿಲ್ಲ ಅನಿಸುತ್ತದೆ, ಆಗ ಟಕ್ ಅಂತ ಒಂದು ಸದ್ದು. ಪಿನ್ ತಟ್ಟೆಯಿಂದ ಬಿಟ್ಟುಕೊಂಡ ಸದ್ದು ಅದು. ಅಲ್ಲಿಂದ ಮುಂದೆ ಸ್ಪಾನರ್ ಸಲೀಸಾಗಿ ಓಡುತ್ತದೆ. ಆ ಸದ್ದು ಬರದೆ ಬೋಲ್ಟ್ ಸುಮ್ನೆ ಬಿಗಿಯಾಗುತ್ತಲೇ ಇದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ತಲೆ ಪೂರ್ತಿ ಹೋಗಿದೆಯಾ, ತುದಿ ನೇರ ಕೂತಿದೆಯಾ ಅಂತ ನೋಡಿ.

ಯಾವ ಪಿನ್ ತೆಗೆಯಬೇಕು ಅನ್ನೋದರಲ್ಲಿ ಗೊಂದಲ ಆಗುವವರು ಜಾಸ್ತಿ. ಚೈನಿನಲ್ಲಿ ಒಂದು ಒಳ ಲಿಂಕ್, ಒಂದು ಹೊರ ಲಿಂಕ್, ಹೀಗೆ ಒಂದಾದ ಮೇಲೊಂದು ಬರುತ್ತವೆ. ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿಗಳನ್ನು ಸೇರಿಸುವ ಮಾಸ್ಟರ್ ಲಿಂಕ್, ಒಂದು ಹೊರ ಲಿಂಕೇ. ಅದು ಸೇರಬೇಕಾದರೆ ಚೈನಿನ ಎರಡೂ ತುದಿಯಲ್ಲಿ ಒಳ ಲಿಂಕ್ ಇರಬೇಕು. ಹಾಗಾಗಿ ಒಟ್ಟು ಲಿಂಕ್ ಯಾವಾಗಲೂ ಸಮಸಂಖ್ಯೆ. ಒಂದೇ ಒಂದು ಲಿಂಕ್ ತೆಗೆಯುತ್ತೇನೆ ಅಂದರೆ ಆಗೋದಿಲ್ಲ, ಎರಡು ತೆಗೆಯಬೇಕು. ಹೊಸ ಚೈನನ್ನು ಹಳೆಯದರ ಪಕ್ಕ ಹಾಸಿ ಉದ್ದ ನೋಡಿ ಕತ್ತರಿಸಬೇಡಿ, ಹಳೆಯದು ಸವೆದು ಉದ್ದ ಆಗಿರುತ್ತದೆ. ಲಿಂಕ್ ಎಣಿಸಿ. ಸ್ಪ್ರಾಕೆಟ್ ಬದಲಾಗಿದ್ದರೆ ಚಕ್ರವನ್ನು ಮುಂದಕ್ಕೆ ಸರಿಸಿ, ಚೈನನ್ನು ಎರಡೂ ಸ್ಪ್ರಾಕೆಟ್ ಮೇಲೆ ಸುತ್ತಿ ಗುರುತು ಹಾಕಿಕೊಳ್ಳಿ. ಆಮೇಲೆ, ನಿಮಗೆ ಬೇಕಾದ ಭಾಗದ ತುದಿಯಲ್ಲಿ ಒಳ ಲಿಂಕ್ ಉಳಿದು, ಹೊರ ತಟ್ಟೆಗಳು ಎಸೆಯುವ ತುಂಡಿನ ಕಡೆ ಹೋಗುವಂಥ ಪಿನ್ ಆರಿಸಿ. ಬಳಪದಿಂದಲೋ ಬಣ್ಣದಿಂದಲೋ ಅದಕ್ಕೆ ಗುರುತು ಮಾಡಿ, ಇನ್ನೊಮ್ಮೆ ಎಣಿಸಿ, ಆಮೇಲೆ ಗ್ರೈಂಡರ್ ಮುಟ್ಟಿ.

ಈಗ ದೊಡ್ಡ ಸೆಟ್ ವಿಷಯ. ಪಿನ್ ತೆಗೆಯಲು, ತಟ್ಟೆ ಒತ್ತಲು, ಹೊಸ ಪಿನ್ನಿನ ತಲೆ ಅಗಲಿಸಲು, ಮೂರಕ್ಕೂ ಒಂದೇ ಸೆಟ್. ಮೋಷನ್ ಪ್ರೋ, ಡಿಐಡಿ ಮುಂತಾದ ಕಂಪನಿಗಳು ಇಂಥದ್ದನ್ನು ಮಾಡುತ್ತವೆ. ಇದು ಎಲ್ಲರಿಗೂ ಬೇಕಾ? ನಿಮ್ಮ ಚೈನ್ ಲಾಕ್ ಯಾವ ಬಗೆಯದು ಅನ್ನೋದರ ಮೇಲೆ ನಿಂತಿದೆ. ರಿವಿಟ್ ಲಾಕ್, ಅಂದರೆ ಪಿನ್ನಿನ ತಲೆ ಅಗಲಿಸಿ ಕೂರಿಸುವ ಲಾಕ್, ಹಾಕುವವರಿಗೆ ಸೆಟ್ ಬೇಕೇ ಬೇಕು. ಸುತ್ತಿಗೆಯಿಂದ ತಲೆ ಹೊಡೆದು ಅಗಲಿಸಿದ ಲಾಕನ್ನು ನಾನು ನಂಬೋದಿಲ್ಲ. ಆದರೆ ಡರ್ಟ್ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಸಣ್ಣ ಕ್ಲಿಪ್ ಸಿಕ್ಕಿಸಿ ಹಿಡಿಸುವ ಕ್ಲಿಪ್ ಲಾಕ್. ಅದಕ್ಕೆ ತಲೆ ಅಗಲಿಸುವ ಕೆಲಸವೇ ಇಲ್ಲ. ಓ-ರಿಂಗ್ ಇರುವ ಚೈನಿನಲ್ಲಿ ಮಾತ್ರ ಲಾಕಿನ ಹೊರ ತಟ್ಟೆ ಬಿಗಿಯಾಗಿ ಕೂರುವುದರಿಂದ ಅದನ್ನು ನೇರವಾಗಿ ಒತ್ತಲು ಏನಾದರೂ ಬೇಕು. ಕ್ಲಿಪ್ ಹಾಕುವವರು ಆಸರೆ ಇರುವ, ಪಿನ್ ಬದಲಾಯಿಸಬಹುದಾದ ಒಂದು ಬ್ರೇಕರ್, ಜೊತೆಗೆ ತಟ್ಟೆ ಒತ್ತುವ ಒಂದು ಪ್ರೆಸ್ ಇಟ್ಟುಕೊಂಡರೆ ಸಾಕು. ಉಳಿದ ಹಣಕ್ಕೆ ಒಳ್ಳೆ ಚೈನ್ ತನ್ನಿ.

ಬರೀ ಹಳೆ ಚೈನ್ ಕಿತ್ತೆಸೆಯೋದಾದರೆ ಟೂಲೇ ಬೇಡ, ಗ್ರೈಂಡರಿನಿಂದ ಕತ್ತರಿಸಿದರಾಯಿತು. ತಲೆ ಉಜ್ಜಿ, ಲಿಂಕಿನ ಕೆಳಗೆ ದಪ್ಪ ನಟ್ ಆಸರೆ ಇಟ್ಟು, ಪಂಚ್ ಮತ್ತು ಸುತ್ತಿಗೆಯಿಂದ ಪಿನ್ ಉದುರಿಸುವವರೂ ಇದ್ದಾರೆ. ವೈಸ್ ಇರುವ, ಕೈ ಪಳಗಿದವರಿಗೆ ಅದು ಸರಿ.

ಕೊನೆಯದಾಗಿ, ಕಾಡು ದಾರಿಯಲ್ಲಿ ಹೋಗುವವರು ಚೀಲದಲ್ಲಿ ಒಯ್ಯುವ ಟೂಲ್. ಅಲ್ಲಿ ಗ್ರೈಂಡರ್ ಇರೋದಿಲ್ಲ. ಹಾಗಾಗಿ ಪುಟ್ಟ ಟೂಲ್ ಕೊಂಡರೂ ಅದು ನಿಮ್ಮ ಅಳತೆಯ ಚೈನಿನ ಪಿನ್ನನ್ನು ತಲೆ ಸಮೇತ ತಳ್ಳುತ್ತದೆಯಾ ಅಂತ ಮನೆಯಲ್ಲೇ ಹಳೆ ಚೈನಿನ ತುಂಡಿನ ಮೇಲೆ ನೋಡಿಕೊಳ್ಳಿ. ಅದನ್ನು ತಿರುಗಿಸುವ ಸ್ಪಾನರ್ ಕೂಡ ಚೀಲದಲ್ಲಿ ಇರಬೇಕು, ಇದನ್ನು ಮರೆಯುವವರು ಬಹಳ. ಜೊತೆಗೆ ಸಣ್ಣ ಅರ, ಒಂದು ಬಿಡಿ ತಳ್ಳುವ ಪಿನ್, ಎರಡು ಚೈನ್ ಲಾಕ್. ಎರಡು ಯಾಕೆ ಅಂದರೆ, ಮುರಿದದ್ದು ಹೊರ ಲಿಂಕ್ ಆದರೆ ಒಂದು ಲಾಕ್ ಸಾಕು. ಒಳ ಲಿಂಕ್ ಮುರಿದರೆ ಅದರ ಎರಡು ಬದಿಯ ಹೊರ ಲಿಂಕುಗಳೂ ಹೋಗುತ್ತವೆ, ಆ ಜಾಗಕ್ಕೆ ಒಂದು ಹೊಸ ಒಳ ಲಿಂಕ್ ಇಟ್ಟು ಎರಡು ಕಡೆ ಲಾಕ್ ಹಾಕಬೇಕು. ಹೊಸ ಚೈನಿನಿಂದ ಕತ್ತರಿಸಿದ ತುಂಡನ್ನು ಎಸೆಯದೆ ಇಟ್ಟುಕೊಂಡರೆ ಆ ಒಳ ಲಿಂಕ್ ಅದರಲ್ಲೇ ಸಿಗುತ್ತದೆ. ತುಂಡೂ ಇಲ್ಲದಿದ್ದರೆ ಎರಡು ಲಿಂಕ್ ಕಡಿಮೆ ಮಾಡಿ ಒಂದೇ ಲಾಕಿನಿಂದ ಸೇರಿಸಬಹುದು. ಆಗ 520 ಚೈನ್ ಸುಮಾರು 32 ಮಿಲಿಮೀಟರ್ ಗಿಡ್ಡ ಆಗುತ್ತದೆ, ಹಿಂದಿನ ಚಕ್ರ ಅದರ ಅರ್ಧ, 16 ಮಿಲಿಮೀಟರ್ ಮುಂದೆ ಬರಬೇಕು. ನಿಮ್ಮ ಬೈಕಿನಲ್ಲಿ ಚೈನ್ ಬಿಗಿ ಮಾಡುವ ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇದೆಯಾ ಅಂತ ಈಗಲೇ ಸ್ಕೇಲ್ ಹಿಡಿದು ನೋಡಿ ಇಟ್ಟುಕೊಳ್ಳಿ.

ಲಾಕ್ ಹಾಕಿದ ಮೇಲೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮೇಲಿನ ಸಾಲಿನಲ್ಲಿ ನೋಡಿದರೆ ಅದು ಮುಂದಿನ ಚಕ್ರದ ಕಡೆ ಮುಖ ಮಾಡಿರುತ್ತದೆ. ಸೇರಿಸಿದ ಜಾಗವನ್ನು ಬೆರಳಿನಿಂದ ಮಡಿಸಿ ನೋಡಿ. ಪಕ್ಕದ ಲಿಂಕುಗಳಷ್ಟೇ ಸಲೀಸಾಗಿ ಮಡಿಯಬೇಕು. ಬಿಗಿ ಇದ್ದರೆ ತಟ್ಟೆ ಜಾಸ್ತಿ ಒತ್ತಿದೆ ಅಂತ ಅರ್ಥ, ಹಾಗೇ ಓಡಿಸಬೇಡಿ, ಬಿಚ್ಚಿ ಸರಿಮಾಡಿ. ಇಂಜಿನ್ ಆಫ್ ಇರುವಾಗಲೇ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಆ ಲಾಕ್ ಎರಡೂ ಸ್ಪ್ರಾಕೆಟ್ ದಾಟಿ ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಬೈಕ್ ಹತ್ತಿ.

ನಮಸ್ಕಾರ.