ಎರವಲು ಹೆಸರು, ಎರವಲು ಹಾಡು: ಕ್ವಯಟ್ ರಯಟ್ ಬ್ಯಾಂಡಿನ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಅಮೆರಿಕನ್ ಬ್ಯಾಂಡಿನ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಹುಟ್ಟಿದ್ದೇ ಉಚ್ಚಾರಣೆಯ ಎಡವಟ್ಟಿನಿಂದ. ಸ್ಟೇಟಸ್ ಕ್ವೋ ಅನ್ನುವ ಬ್ರಿಟಿಷ್ ಬ್ಯಾಂಡಿನಲ್ಲಿ ರಿಕ್ ಪಾರ್ಫಿಟ್ ಅಂತ ಒಬ್ಬ ಗಿಟಾರ್ ವಾದಕ ಇದ್ದ. ತಾನೊಂದು ಬ್ಯಾಂಡ್ ಕಟ್ಟಿದರೆ ಅದಕ್ಕೆ ‘ಕ್ವೈಟ್ ರೈಟ್’ ಅಂತ ಹೆಸರಿಡುವುದಾಗಿ ಅವನು ಮಾತಿನ ಮಧ್ಯೆ ಹೇಳಿದ್ದನಂತೆ. ಅವನ ಇಂಗ್ಲೆಂಡಿನ ನಾಲಗೆಯಲ್ಲಿ ಅದು ಕೇಳಿಸಿದ್ದು ‘ಕ್ವಯಟ್ ರಯಟ್’ ಅಂತ. ‘ಹೌದು, ಸರಿ’ ಅನ್ನುವ ಅರ್ಥದ ಮಾತು ‘ಸದ್ದಿಲ್ಲದ ದೊಂಬಿ’ ಆಗಿಹೋಯಿತು. ಲಾಸ್ ಏಂಜಲೀಸ್‌ನ ಗಾಯಕ ಕೆವಿನ್ ಡುಬ್ರೋಗೆ ಅದು ಹಿಡಿಸಿತು. ಅವನ ಹತ್ತಿರ ಸದ್ದಿಲ್ಲದ್ದು ಅಂತ ಏನೂ ಇರಲಿಲ್ಲ, ಅದು ಬೇರೆ ಮಾತು.

ಹೆಸರು ಹೀಗೆ ಎರವಲು ಬಂತು. ಅವರನ್ನು ಮೇಲಕ್ಕೆತ್ತಿದ ಹಾಡೂ ಎರವಲೇ. ಅದೂ ಅವರು ಬೇಡ ಬೇಡ ಅಂದುಕೊಂಡೇ ಹಾಡಿದ್ದು.

ಗ್ಲ್ಯಾಮ್ ಮೆಟಲ್ ಕೇಳಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಗಿಟಾರಿನ ಅಬ್ಬರ ಹೆವಿ ಮೆಟಲ್‌ನದು. ಆದರೆ ಪಲ್ಲವಿ ಒಂದೇ ಸಲ ಕೇಳಿದರೂ ಬಾಯಿಗೆ ಬರಬೇಕು. ಜೊತೆಗೆ ಸ್ಪ್ರೇ ಹೊಡೆದು ನಿಲ್ಲಿಸಿದ ಕೂದಲು, ಮೈಗಂಟಿದ ಪ್ಯಾಂಟು, ಕಣ್ಣಿಗೆ ಕಪ್ಪು. ಗಂಡಸರು ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುವುದು ಯಕ್ಷಗಾನ ನೋಡಿದ ನಮಗೇನೂ ಹೊಸದಲ್ಲ, ಅಲ್ವಾ? ಅಮೆರಿಕದ ಅಪ್ಪ ಅಮ್ಮಂದಿರು ಮಾತ್ರ ಬೆಚ್ಚಿಬಿದ್ದಿದ್ದರು. ಈ ಸಂಗೀತದ ತವರು ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಅನ್ನುವ ರಸ್ತೆ ಮತ್ತು ಅದರ ಸುತ್ತಲಿನ ಕ್ಲಬ್‌ಗಳು.

ಈ ಬ್ಯಾಂಡಿನ ಬೇರು 1973ರಲ್ಲಿದೆ. ರ‍್ಯಾಂಡಿ ರೋಡ್ಸ್ ಅನ್ನುವ ಗಿಟಾರ್ ವಾದಕ ಮತ್ತು ಅವನ ಗೆಳೆಯ ಕೆಲಿ ಗಾರ್ನಿ ಸೇರಿ ಕಟ್ಟಿದ್ದು. ಇಬ್ಬರೂ ಆಗಿನ್ನೂ ಹುಡುಗರು. ಡುಬ್ರೋ ಗಾಯಕನಾಗಿ ಆಮೇಲೆ ಸೇರಿಕೊಂಡ. ರ‍್ಯಾಂಡಿಯ ತಾಯಿ ಡೆಲೋರಿಸ್ ನಾರ್ತ್ ಹಾಲಿವುಡ್‌ನಲ್ಲಿ ಮ್ಯೂಸೋನಿಯಾ ಅನ್ನುವ ಸಂಗೀತ ಶಾಲೆ ನಡೆಸುತ್ತಿದ್ದರು. ಮಗ ಅಲ್ಲೇ ಕಲಿತ, ಅಲ್ಲೇ ಬೇರೆ ಮಕ್ಕಳಿಗೆ ಕಲಿಸಿದ. ದೊಡ್ಡ ದೊಡ್ಡ ಚುಕ್ಕಿಯ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತುತ್ತಿದ್ದ. ಅದನ್ನು ನೋಡಿ ಅಭಿಮಾನಿಗಳೂ ಚುಕ್ಕಿ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಕ್ಲಬ್ಬು ತುಂಬುತ್ತಿತ್ತು. ಆದರೆ ಅಮೆರಿಕದ ಯಾವ ರೆಕಾರ್ಡ್ ಕಂಪನಿಯೂ ಇವರನ್ನು ತೆಗೆದುಕೊಳ್ಳಲಿಲ್ಲ. ಅದೇ ಊರಿನ ಕ್ಲಬ್‌ಗಳಲ್ಲಿ ನುಡಿಸುತ್ತಿದ್ದ ವ್ಯಾನ್ ಹೇಲನ್ ಬ್ಯಾಂಡಿನ ಮೊದಲ ಆಲ್ಬಂ 1978ರಲ್ಲಿ ಬಂದು ಹೆಸರು ಮಾಡಿತು. ಇವರು ನೋಡುತ್ತಾ ಕೂತರು.

ಕೊನೆಗೆ ಕೈ ಹಿಡಿದದ್ದು ಜಪಾನ್. 1977ರಲ್ಲಿ ಒಂದು ಆಲ್ಬಂ, 1978ರಲ್ಲಿ ಇನ್ನೊಂದು, ಎರಡೂ ಬಂದದ್ದು ಜಪಾನಿನಲ್ಲಿ ಮಾತ್ರ. ಅಮೆರಿಕದ ಹುಡುಗರು ಹಾಡಿದ ರೆಕಾರ್ಡು ಅವರದೇ ಊರಿನ ಅಂಗಡಿಗೆ ಬರಲಿಲ್ಲ. ಎರಡನೇ ಆಲ್ಬಂನಲ್ಲಿ ಇನ್ನೊಂದು ತಮಾಷೆ ಇದೆ. ಬೇಸ್ ಗಿಟಾರ್ ನುಡಿಸಿದ್ದು ಗಾರ್ನಿ. ಆದರೆ ರೆಕಾರ್ಡಿನ ಮೇಲೆ ಹಾಕಿದ ಹೆಸರು ಆಮೇಲೆ ಬಂದ ರೂಡಿ ಸಾರ್ಜೋದು. ಈ ಸಾರ್ಜೋ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವನು. ಅವನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತಾನೆ.

1979ರಲ್ಲಿ ರ‍್ಯಾಂಡಿಗೆ ಓಜಿ ಆಸ್‌ಬರ್ನ್‌ನಿಂದ ಕರೆ ಬಂತು. ಬ್ಲ್ಯಾಕ್ ಸ್ಯಾಬತ್ ಬ್ಯಾಂಡಿನಿಂದ ಹೊರಬಿದ್ದ ಗಾಯಕ ಓಜಿ ಆಗ ಹೊಸ ತಂಡ ಕಟ್ಟುತ್ತಿದ್ದ. ರ‍್ಯಾಂಡಿ ಹೋದ. ಅವನು ಹೋದ ಮೇಲೆ ಕ್ವಯಟ್ ರಯಟ್ ಅನ್ನುವುದು ಉಳಿಯಲಿಲ್ಲ. ಡುಬ್ರೋ ತನ್ನದೇ ಹೆಸರಿಟ್ಟುಕೊಂಡು ಕ್ಲಬ್‌ಗಳಲ್ಲಿ ಹಾಡುತ್ತಾ ಕಾಲ ಹಾಕಿದ. ರ‍್ಯಾಂಡಿ ಓಜಿಯ ಜೊತೆ ಎರಡು ಆಲ್ಬಂಗಳಲ್ಲಿ ನುಡಿಸಿದ. ಇವತ್ತಿಗೂ ಗಿಟಾರ್ ಕಲಿಯುವವರು ಅವನ್ನು ಪಾಠದ ಹಾಗೆ ಕೇಳುತ್ತಾರೆ. 1982ರ ಮಾರ್ಚ್ 19ರಂದು ಫ್ಲೋರಿಡಾದ ಲೀಸ್‌ಬರ್ಗ್‌ನಲ್ಲಿ ಅವನು ಕೂತಿದ್ದ ಸಣ್ಣ ವಿಮಾನ ತಂಡದ ಬಸ್ಸಿಗೆ ತಾಗಿ ಬಿತ್ತು. ಮೂವರು ಸತ್ತರು. ರ‍್ಯಾಂಡಿಗೆ 25 ವರ್ಷ. ಆಗ ಓಜಿಗೆ ಬೇಸ್ ನುಡಿಸುತ್ತಿದ್ದ ಸಾರ್ಜೋ ಅದೇ ಬಸ್ಸಿನಲ್ಲಿದ್ದ.

ಡುಬ್ರೋ ಆ ವರ್ಷ ಹೊಸ ಆಲ್ಬಂ ಕೆಲಸ ಶುರು ಮಾಡಿದ್ದ. ಗೆಳೆಯನ ನೆನಪಿಗೆ ‘ಥಂಡರ್‌ಬರ್ಡ್’ ಅನ್ನುವ ಹಾಡು ಇಟ್ಟುಕೊಂಡಿದ್ದ. ಅದೊಂದಕ್ಕೆ ನುಡಿಸಿಕೊಡು ಬಾ ಅಂತ ಸಾರ್ಜೋನನ್ನು ಕರೆದ. ಬಂದವನು ಓಜಿಯ ಕೆಲಸ ಬಿಟ್ಟು ಇಲ್ಲೇ ಉಳಿದ. ಗಿಟಾರಿಗೆ ಕಾರ್ಲೋಸ್ ಕವಾಜೋ, ಡ್ರಮ್ಮಿಗೆ ಫ್ರ್ಯಾಂಕಿ ಬನಾಲಿ. ಹಳೆಯ ಹೆಸರು ಮತ್ತೆ ಎದ್ದು ಕೂತಿತು.

ಈಗ ಆ ಹಾಡಿಗೆ ಬರೋಣ. ಆಲ್ಬಂ ಮಾಡಿಸುತ್ತಿದ್ದ ಸ್ಪೆನ್ಸರ್ ಪ್ರಾಫರ್, ಸ್ಲೇಡ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ‘ಕಮ್ ಆನ್ ಫೀಲ್ ದ ನಾಯ್ಸ್’ ಹಾಡಲೇಬೇಕು ಅಂತ ಹಟ ಹಿಡಿದ. 1973ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದ ಹಾಡು. ಅಮೆರಿಕದಲ್ಲಿ ಅದನ್ನು ಕೇಳಿದವರೇ ಕಡಿಮೆ. ಡುಬ್ರೋಗೆ ಕೋಪ. ತನ್ನ ಹಾಡುಗಳಿರುವಾಗ ಬೇರೆಯವರದ್ದು ಯಾಕೆ? ಆಗಲ್ಲ ಅಂದರೆ ಕೈಗೆ ಬಂದ ಅವಕಾಶ ಹೋಗುತ್ತದೆ. ಅದಕ್ಕೊಂದು ಉಪಾಯ ಹೂಡಿದರು. ಬನಾಲಿ ಇದನ್ನು ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಅಭ್ಯಾಸವನ್ನೇ ಮಾಡಬಾರದು, ಸ್ಟುಡಿಯೋದಲ್ಲಿ ಕೆಟ್ಟದಾಗಿ ನುಡಿಸಬೇಕು, ಆಗ ಪ್ರಾಫರ್ ತಾನಾಗಿಯೇ ಕೈಬಿಡುತ್ತಾನೆ ಅಂತ. ಬನಾಲಿ ಡ್ರಮ್ ಶುರು ಮಾಡಿದ. ಉಳಿದವರು ಹಿಂದೆ ಬಂದರು. ಹಾಡು ಕೆಡುವುದನ್ನು ಕಾಯುತ್ತಾ ಡುಬ್ರೋ ಮೂಲೆಯಲ್ಲಿದ್ದ. ಕೆಡಲೇ ಇಲ್ಲ. ಪ್ರಾಫರ್‌ಗೆ ಬಹಳ ಇಷ್ಟವಾಯಿತು, ಡುಬ್ರೋ ಉರಿದುಬಿದ್ದ.

‘ಮೆಟಲ್ ಹೆಲ್ತ್’ ಆಲ್ಬಂ 1983ರ ಮಾರ್ಚ್‌ನಲ್ಲಿ ಬಂತು. ಮುಖಪುಟದಲ್ಲಿ ಮುಖವಾಡ ಹಾಕಿ ಕೈ ಕಟ್ಟಿಸಿಕೊಂಡ ಮನುಷ್ಯ. ಮೊದಲು ಅದೇನೂ ಓಡಲಿಲ್ಲ. ಮೇ 29ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾಡಿನೋ ಹತ್ತಿರ ಅಸ್ ಫೆಸ್ಟಿವಲ್‌ನ ಹೆವಿ ಮೆಟಲ್ ದಿನ ಇತ್ತು. ಆ್ಯಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಸ್ಟೀವ್ ವಾಜ್ನಿಯಾಕ್ ಸ್ವಂತ ದುಡ್ಡು ಸುರಿದು ಮಾಡಿದ ಉತ್ಸವ ಅದು. ಬಿಸಿಲಿನಲ್ಲಿ ಲಕ್ಷಗಟ್ಟಲೆ ಜನ. ಮೋಟ್ಲಿ ಕ್ರೂ, ಓಜಿ, ಜೂಡಸ್ ಪ್ರೀಸ್ಟ್, ಸ್ಕಾರ್ಪಿಯನ್ಸ್, ವ್ಯಾನ್ ಹೇಲನ್ ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿದ್ದು ಇವರು. ಮೊದಲು ನುಡಿಸುವವರು ಅಂದರೆ ಊಟಕ್ಕೆ ಮುಂಚೆ ಬಡಿಸುವ ಉಪ್ಪು ಇದ್ದ ಹಾಗೆ. ಆದರೂ ಜನ ಅವರನ್ನು ಗುರುತಿಟ್ಟುಕೊಂಡರು.

ಆಮೇಲೆ ಹಾಡಿನ ವಿಡಿಯೋ ತೋರಿಸುವ ಎಂಟಿವಿ ಚಾನೆಲ್ ಕೈ ಹಿಡಿಯಿತು. ಎರವಲು ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಬಂತು. ನವೆಂಬರ್ 26ರ ಪಟ್ಟಿಯಲ್ಲಿ ಆಲ್ಬಂ ನಂಬರ್ ಒನ್! ಅದು ಪಕ್ಕಕ್ಕೆ ಸರಿಸಿದ್ದು ದ ಪೊಲೀಸ್ ಬ್ಯಾಂಡಿನ ಆಲ್ಬಮ್ಮನ್ನು. ಹೆವಿ ಮೆಟಲ್ ಆಲ್ಬಂ ಒಂದು ಅಲ್ಲಿಗೆ ಏರಿದ್ದು ಅದೇ ಮೊದಲು ಅಂತ ಲೆಕ್ಕ. ಅದಕ್ಕೂ ಮುಂಚೆಯೇ ಅಲ್ಲಿಗೆ ಏರಿದ್ದ ಲೆಡ್ ಜೆಪ್ಲಿನ್ ಕೂಡ ಮೆಟಲ್ಲೇ ಅನ್ನುವವರು ಇಲ್ಲಿ ಜಗಳಕ್ಕೆ ಬರುತ್ತಾರೆ. ಬರಲಿ, ಆಮೇಲೆ ಕಾಫಿ ಕುಡಿಯುತ್ತಾ ಮಾತಾಡೋಣ. ಆ ಸ್ಥಾನದಲ್ಲಿ ಇವರು ಇದ್ದದ್ದು ಒಂದೇ ವಾರ. ಮುಂದಿನ ವಾರ ಗಾಯಕ ಲಯೊನೆಲ್ ರಿಚಿ ಬಂದು ಕೂತ. ಆದರೆ ರೆಕಾರ್ಡ್ ಕಂಪನಿಗಳಿಗೆ ಒಂದು ವಾರವೇ ಸಾಕಾಯಿತು. ಸನ್‌ಸೆಟ್ ಸ್ಟ್ರಿಪ್ಪಿನಲ್ಲಿ ಕೂದಲು ಬಿಟ್ಟ ಹುಡುಗರನ್ನು ಹುಡುಕಿಕೊಂಡು ಓಡಾಡಿದರು. ಮುಂದಿನ ವರ್ಷ ರ‍್ಯಾಟ್, 1986ರಲ್ಲಿ ಪಾಯ್ಸನ್ ಮತ್ತು ಸಿಂಡರೆಲ್ಲಾ, ಹೀಗೆ ಇಂಥದ್ದೇ ಬ್ಯಾಂಡುಗಳು ಮೇಲೆ ಬಂದವು. ಸ್ಲೇಡ್‌ಗೂ ಲಾಭವಾಯಿತು. ಅಮೆರಿಕ ಅವರನ್ನು ಹತ್ತು ವರ್ಷ ತಡವಾಗಿ ಕೇಳಿತು.

ಇಷ್ಟಾದ ಮೇಲೆ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಅಂತೀವಲ್ಲ, ಡುಬ್ರೋ ಅದನ್ನು ಮಾಡಿ ತೋರಿಸಿದ. ಬಾಗಿಲು ತೆರೆದದ್ದು ನಾವು, ಉಳಿದವರೆಲ್ಲ ನಮ್ಮ ಹಿಂದೆ ನುಗ್ಗಿದವರು ಅನ್ನುವ ಧಾಟಿಯಲ್ಲಿ ಪತ್ರಿಕೆಗಳ ಮುಂದೆ ಮಾತಾಡಿದ. ಬೇರೆ ಬ್ಯಾಂಡುಗಳನ್ನು ಹೆಸರು ಹಿಡಿದು ಹಂಗಿಸಿದ. ನನ್ನ ಪ್ರಕಾರ ಅವನು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವೇ. ಆದರೆ ನಿಜವನ್ನು ಹೇಳಬೇಕಾದವನು ಅವನಲ್ಲ. ಜೊತೆಯಲ್ಲಿ ಪ್ರವಾಸ ಮಾಡಬೇಕಾದವರನ್ನೇ ಬೈದರೆ ಯಾರು ಸೇರಿಸಿಕೊಳ್ಳುತ್ತಾರೆ?

1984ರ ‘ಕಂಡಿಷನ್ ಕ್ರಿಟಿಕಲ್’ ಆಲ್ಬಂನಲ್ಲಿ ಮತ್ತೆ ಸ್ಲೇಡ್ ಹಾಡನ್ನೇ ತಂದರು. ಒಮ್ಮೆ ಎರವಲು ಕೇಳಿದರೆ ಪಕ್ಕದ ಮನೆಯವರು ಸಕ್ಕರೆ ಕೊಡುತ್ತಾರೆ, ಮತ್ತೆ ಅದೇ ಲೋಟ ಹಿಡಿದು ಹೋದರೆ ಮುಖ ನೋಡುತ್ತಾರೆ. ಆಲ್ಬಂ 15ನೇ ಸ್ಥಾನದಲ್ಲಿ ನಿಂತಿತು. 1985ರಲ್ಲಿ ಸಾರ್ಜೋ ಹೊರಟ. ಮುಂದಿನ ಆಲ್ಬಂನಲ್ಲಿ ಕೀಬೋರ್ಡ್ ತುಂಬಿಸಿದರು. ಯಾರಿಗೂ ಬೇಕಾಗಲಿಲ್ಲ. 1987ರಲ್ಲಿ ಡುಬ್ರೋನನ್ನೇ ಹೊರಗೆ ಹಾಕಿದರು. ಪಾಲ್ ಶಾರ್ಟಿನೋ ಹಾಡಿದ ಆಲ್ಬಂ ಒಂದು ಬಂತು, ಬ್ಯಾಂಡ್ ಒಡೆಯಿತು.

ತೊಂಬತ್ತರ ದಶಕದಲ್ಲಿ ಡುಬ್ರೋ, ಬನಾಲಿ ಮತ್ತೆ ಸೇರಿದರು. ಅಷ್ಟು ಹೊತ್ತಿಗೆ ಸಿಯಾಟಲ್‌ನ ಹುಡುಗರು ಗ್ರಂಜ್ ಅನ್ನುವ ಹೊಸ ಬಗೆಯ ರಾಕ್ ತಂದು ಸ್ಪ್ರೇ ಕೂದಲನ್ನು ನಗೆಪಾಟಲು ಮಾಡಿಬಿಟ್ಟಿದ್ದರು. ಸಣ್ಣ ಸಣ್ಣ ಜಾಗಗಳಲ್ಲಿ ನುಡಿಸಿಕೊಂಡು ನಡೆದರು. 2007ರ ನವೆಂಬರ್‌ನಲ್ಲಿ ಡುಬ್ರೋ ಲಾಸ್ ವೇಗಸ್‌ನ ಮನೆಯಲ್ಲಿ ಸತ್ತುಬಿದ್ದಿದ್ದ. ಕೊಕೇನ್ ಜಾಸ್ತಿಯಾಗಿತ್ತು. ವಯಸ್ಸು 52.

ಬನಾಲಿ ಮೂರು ವರ್ಷ ಸುಮ್ಮನಿದ್ದು 2010ರಲ್ಲಿ ಬ್ಯಾಂಡನ್ನು ಮತ್ತೆ ಎಬ್ಬಿಸಿದ. ಗಾಯಕರು ಬದಲಾಗುತ್ತಲೇ ಹೋದರು. ಡ್ರಮ್ ಹಿಂದೆ ಅವನೊಬ್ಬನೇ ಗಟ್ಟಿಯಾಗಿ ಕೂತಿದ್ದ. ಕ್ಯಾನ್ಸರ್ ಬಂದ ಮೇಲೂ ಆದಷ್ಟು ದಿನ ನುಡಿಸಿದ. 2020ರ ಆಗಸ್ಟ್ 20ರಂದು ತೀರಿಕೊಂಡ. 2021ರಲ್ಲಿ ಬೇಸ್ ಗಿಟಾರ್ ಹಿಡಿದು ವಾಪಸ್ ಬಂದವನು ಯಾರು ಗೊತ್ತಾ? ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಸಾರ್ಜೋ.

ನನ್ನ ಮಾತು ಇಷ್ಟು. ಈಗ ಆ ಎರವಲು ಹಾಡನ್ನು ಹಾಕುತ್ತೇನೆ. ಶುರುವಿನಲ್ಲಿ ಬನಾಲಿಯ ಡ್ರಮ್ ಕಡೆ ಕಿವಿ ಕೊಡಿ. ಕೆಡಿಸಬೇಕು ಅಂತ ಕೂತವನು ಬಾರಿಸಿದ್ದು ಅಂತ ಎಲ್ಲಾದರೂ ಅನ್ನಿಸುತ್ತದಾ ಹೇಳಿ.