ಸಾರಿನ ಕಣ್ಣಳತೆ

ಕೇಳುಗರಿಗೆ ನಮಸ್ಕಾರ.

ನೆಂಟರು ಬರುತ್ತಾರೆಂದರೆ ಯಾರೂ ಬರೀ ತಿಳಿಸಾರು ಮಾಡಿಡುವುದಿಲ್ಲ. ಕೂಟು, ಪಲ್ಯ, ಪಾಯಸ ಎಂದು ಅಡುಗೆಮನೆಯಲ್ಲಿ ಗದ್ದಲವೋ ಗದ್ದಲ. ಆದರೆ ನಾಲ್ಕು ದಿನ ಮದುವೆಮನೆ ಊಟ ಉಂಡು ಬಂದವರು, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಇಳಿದವರು, ಜ್ವರ ಬಿಟ್ಟು ಎದ್ದವರು ಕೇಳುವುದು ಒಂದನ್ನೇ: “ಬಿಸಿ ಅನ್ನ, ಒಂದಿಷ್ಟು ಸಾರು ಇದ್ದರೆ ಸಾಕಪ್ಪಾ.” ಹೊಗಳಿಕೆ ಬಯಸದ ಅಡುಗೆ ಅದು. ಉಣ್ಣುವವರೂ ಅಲ್ಲಿ ಯಾರ ಮುಂದೆಯೂ ನಾಜೂಕಾಗಿ ಕೂರಬೇಕಿಲ್ಲ. ಸಾರು ಕೊಡುವ ನೆಮ್ಮದಿಯ ಅರ್ಧ ಗುಟ್ಟು ಇಲ್ಲಿದೆ.

ಉಳಿದರ್ಧ ಇರುವುದು ಮೂಗಿನಲ್ಲಿ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲ ಮಿದುಳಿನ ಥಲಾಮಸ್ ಎಂಬ ಭಾಗವನ್ನು ದಾಟಿ ಮುಂದೆ ಹೋಗಬೇಕು. ವಾಸನೆಗೆ ಆ ಸುತ್ತು ಬೇಕಿಲ್ಲ. ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಅದು ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಇಂಗಿನ ಒಗ್ಗರಣೆ ಚುಂಯ್ ಎಂದೊಡನೆ, ಇವತ್ತು ಏನಡುಗೆ ಎಂದು ಯೋಚಿಸುವ ಮೊದಲೇ ಮನಸ್ಸು ಮನೆ ಸೇರಿರುತ್ತದೆ. ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕದ ಪದ್ಧತಿ ಹಲವು ಮನೆತನಗಳಲ್ಲಿದೆ. ಊಟ ಇರುತ್ತದೆ, ಘಮ ಇರುವುದಿಲ್ಲ. ಮತ್ತೆ ಸಾಸಿವೆ ಸಿಡಿದ ದಿನ ಅಕ್ಕಪಕ್ಕದವರಿಗೂ ಗೊತ್ತಾಗುತ್ತದೆ, ಆ ಮನೆ ನಡೆಯತೊಡಗಿತು ಎಂದು.

ಈ ಘಮ ಎಲ್ಲ ಕಡೆ ಒಂದೇ ಅಲ್ಲ. ಉಡುಪಿ ಕಡೆ ತೆಂಗಿನೆಣ್ಣೆ, ಚೂರು ಬೆಲ್ಲ. ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಬೆಳ್ಳುಳ್ಳಿ, ಸೊಪ್ಪು ಕಾಳು ಬಸಿದ ನೀರಿನ ಬಸ್ಸಾರು, ಜೊತೆಗೆ ಮುದ್ದೆ. ಪಕ್ಕದ ಮನೆಯ ಸಾರು ನಿಮಗೆ ರುಚಿಸಬಹುದು, ಸಮಾಧಾನ ಕೊಡಲಾರದು. ಅದಕ್ಕೇ, ನಿಮ್ಮ ಮನೆಯ ಅಳತೆಯನ್ನು ಮಾಡುವವರು ಇರುವಾಗಲೇ ಬರೆದಿಟ್ಟುಕೊಳ್ಳಿ ಎನ್ನುವುದು. ಎಷ್ಟು ಪುಡಿ ಎಂದು ಕೇಳಿದರೆ “ಕಣ್ಣಳತೆ ಕಣೋ” ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಅವರು ಪುಡಿ ಹಾಕುವ ಮೊದಲು ಡಬ್ಬಿಯನ್ನು ಅಡುಗೆಯ ತಕ್ಕಡಿಯ ಮೇಲಿಟ್ಟು ತೂಗಿ, ಹಾಕಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಕಣ್ಣಳತೆ. ಉಪ್ಪು, ಹುಣಸೆಗೂ ಹೀಗೇ ಮಾಡಿ. ನೀರಿಗೆ ಅವರದೇ ಲೋಟ ಹಿಡಿದು ಅಳೆಯಿರಿ.

ಹೋಲಿಸಿಕೊಳ್ಳಲು ನಾಲ್ಕು ಜನರ ಒಂದು ಸಾಧಾರಣ ಅಳತೆ ಹೇಳುತ್ತೇನೆ, ಪೆನ್ನು ತೆಗೆದುಕೊಳ್ಳಿ. 100 ಗ್ರಾಂ ತೊಗರಿಬೇಳೆ ಅರ್ಧ ಗಂಟೆ ನೆನೆಯಲಿ. 400 ಮಿಲಿಲೀಟರ್ ನೀರು, ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಎಣ್ಣೆ ಇದ್ದರೆ ನೊರೆ ಉಕ್ಕುವುದು ಕಡಿಮೆ. ಬೇಳೆ ಬೇಯುವ ಮುಂಚೆ ಹುಳಿ ಬೀಳಬಾರದು. ಹುಳಿಯಲ್ಲಿ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರೂ ಅದೇ ತೊಂದರೆ ಕೊಡುತ್ತದೆ, ಆಗ ಬೇಳೆಗೆ ಮಾತ್ರ ಕುಡಿಯುವ ಫಿಲ್ಟರ್ ನೀರು ಬಳಸಿ.

ಇನ್ನೊಂದು ಪಾತ್ರೆಯಲ್ಲಿ 15 ಗ್ರಾಂ ಹುಣಸೆ ಕಿವುಚಿದ 600 ಮಿಲಿಲೀಟರ್ ನೀರು, ಹೆಚ್ಚಿದ ಒಂದು ಟೊಮೆಟೊ, ಎರಡು ಸಣ್ಣ ಚಮಚ ಉಪ್ಪು, ಎರಡು ಚಮಚ ಸಾರಿನ ಪುಡಿ, ಬೇಕಾದರೆ ಬೆಲ್ಲ. ಹಸಿ ವಾಸನೆ ಹೋಗುವವರೆಗೆ, ಅಂದರೆ ಎಂಟು ಹತ್ತು ನಿಮಿಷ ಕುದಿಯಬೇಕು. ಅವಸರಕ್ಕೆ ಇಲ್ಲೇ ಸಾರು ಕೆಡುವುದು. ಆಮೇಲೆ ಬೇಳೆಯ ಕಟ್ಟು ಬೆರೆಸಿ, ನೊರೆ ಮೇಲೆದ್ದೊಡನೆ ಇಳಿಸಿಬಿಡಿ. ಇನ್ನೂ ಕುದಿಸಿದರೆ ಘಮವೆಲ್ಲ ಹಬೆಯಲ್ಲಿ ಹೋಗುತ್ತದೆ.

ಒಗ್ಗರಣೆಗೆ ಎರಡು ಚಮಚ ತುಪ್ಪ, ಅರ್ಧ ಚಮಚ ಸಾಸಿವೆ. ಸಿಡಿಯುವ ಸದ್ದು ನಿಲ್ಲುತ್ತ ಬಂದಾಗ ಉರಿ ಆರಿಸಿ, ಆ ಬಿಸಿಗೇ ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಉರಿಯಿದ್ದಾಗ ಹಾಕಿದ ಇಂಗು ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಸಾರಿಗೆ ಸುರಿದು ತಕ್ಷಣ ಮುಚ್ಚಳ ಮುಚ್ಚಿ, ಐದು ನಿಮಿಷ ತೆಗೆಯಬೇಡಿ. ಮಸಾಲೆಯ ಸುವಾಸನೆ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ತುಪ್ಪ ತಪ್ಪಿಸಿದ ಸಾರು ಸಪ್ಪೆಯೆನಿಸುವುದು ಅದಕ್ಕೇ.

ಪುಡಿಗೆ 100 ಗ್ರಾಂ ಕೊತ್ತಂಬರಿ ಬೀಜಕ್ಕೆ 50 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 20 ಗ್ರಾಂ ಜೀರಿಗೆ, 15 ಗ್ರಾಂ ಕಾಳುಮೆಣಸು, 5 ಗ್ರಾಂ ಮೆಂತ್ಯ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಸಾಲದವರು ಗುಂಟೂರು ನಾಲ್ಕು ಸೇರಿಸಿ. ಎಲ್ಲವನ್ನೂ ಬೇರೆಬೇರೆ ಹುರಿಯಿರಿ. ಜೀರಿಗೆ ಹುರಿಯುವಷ್ಟರಲ್ಲಿ ಕೊತ್ತಂಬರಿ ಹಸಿಯಾಗಿಯೇ ಇರುತ್ತದೆ, ಮೆಂತ್ಯ ಕಪ್ಪಾದರೆ ಇಡೀ ಡಬ್ಬಿಯೇ ಕಹಿ. ಪೂರ್ತಿ ಆರಿದ ಮೇಲೆ ಪುಡಿಮಾಡಿ, ಒಲೆಯಿಂದ ದೂರವಿಡಿ. ಒಂದು ತಿಂಗಳಿಗಾಗುವಷ್ಟೇ ಸಾಕು.

ಪರದೇಶದಲ್ಲಿರುವ ಮಕ್ಕಳು “ಅದೇ ಪುಡಿ, ಆದರೂ ನಮ್ಮ ಸಾರಿನಂತಿಲ್ಲ” ಎಂದು ಫೋನಿನಲ್ಲಿ ಗೊಣಗಿದರೆ ಮೊದಲು ಹುಣಸೆಯನ್ನು ವಿಚಾರಿಸಿ. ಬಾಟಲಿಯ ಹುಣಸೆ ರಸದ ಹುಳಿ ಒಂದೊಂದು ಬಗೆಗೂ ಬೇರೆ. ಅರ್ಧ ಚಮಚದಿಂದ ಶುರುಮಾಡಿ ರುಚಿ ನೋಡುತ್ತ ಏರಿಸಲಿ.

ಬರೆದುಕೊಂಡ ಅಳತೆಯಲ್ಲಿ ಒಮ್ಮೆ ನೀವೇ ಮಾಡಿ, ಅಳತೆ ಕೊಟ್ಟವರಿಗೇ ಬಡಿಸಿ. “ಉಪ್ಪು ಒಂದು ಹರಳು ಕಮ್ಮಿ” ಅಂದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನಮಸ್ಕಾರ.